ಎರಡನೇ ದಿನದ ಕಥೆ

ಬಂಟ್ವಾಳದ ಸಂಕಪ್ಪನಿಗೆ ಹಗಲಲ್ಲಿ ಮಾತೇ ಇರಲಿಲ್ಲ. ಹೋಟೆಲಿಗೆ ಹೋದರೆ ಚಹಾ ಬೇಕೆಂದು ಬಾಯಿಬಿಟ್ಟು ಹೇಳದೆ ಬೆರಳೆತ್ತಿ ತೋರಿಸುವವನು. ಆದರೆ ಸಂಜೆ ಏಳಾಗಿ ಮೂಸಬ್ಬನ ಸಿನೆಮಾ ಟೆಂಟಿನಲ್ಲಿ ದೀಪ ಆರಿತೆಂದರೆ ಅವನ ಬಾಯಿ ಮುಚ್ಚಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಮುಚ್ಚಿಸುವುದು ಯಾರಿಗೂ ಬೇಕೂ ಇರಲಿಲ್ಲ. ಪರದೆಯ ಮೇಲೆ ಮಾತಾಡುವವರು ತಮಿಳರು, ಚಾಪೆಯ ಮೇಲೆ ಕೂತವರು ತುಳುವರು. ನಡುವೆ ಇದ್ದವನು ಸಂಕಪ್ಪ ಒಬ್ಬನೇ.

ಮಳೆ ನಿಂತು ಗದ್ದೆಗಳ ಕೊಯ್ಲು ಮುಗಿದ ಮೇಲೆ ಮೂಸಬ್ಬನ ಟೂರಿಂಗ್ ಟಾಕೀಸು ಹೊರಡುತ್ತಿತ್ತು. ಮೊದಲು ಬಂಟ್ವಾಳ, ಆಮೇಲೆ ಬೆಳ್ತಂಗಡಿ, ಕೊನೆಗೆ ಮೂಡಬಿದ್ರೆ. ಎಲ್ಲಿ ಟೆಂಟು ಹಾಕಿದರೂ ಪರದೆಯ ಎಡಬದಿಗೆ ಒಂದು ಸ್ಟೂಲು ಇಡಲೇಬೇಕು. ಅದರ ಮೇಲೆ ನಿಂತು ಸಂಕಪ್ಪ ಸಿನೆಮಾದ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದ. ಮೈಕಿಲ್ಲ ಗಿಕಿಲ್ಲ, ಗಂಟಲೇ ಎಲ್ಲ.

ಅವನು ಮದರಾಸಿನ ಹೋಟೆಲುಗಳಲ್ಲಿ ಒಂಬತ್ತು ವರ್ಷ ದುಡಿದವನು. ಹಾಗೆಂದು ಮಹಾ ತಮಿಳು ಪಂಡಿತನೆಂದು ತಿಳಿಯಬೇಡಿ. ಅವನದು ಅಡುಗೆಮನೆಯ ತಮಿಳು. ಸಾಂಬಾರು, ಚಟ್ನಿ, ಬೈಗುಳ, ಇಷ್ಟಕ್ಕೆ ಧಾರಾಳ ಸಾಕು. ಕೋರ್ಟು, ಪ್ರೇಮ, ವೇದಾಂತ ಬಂದಾಗ ಮಾತ್ರ ಸ್ವಂತ ಬಂಡವಾಳ ಹಾಕಬೇಕಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮೊದಲ ದಿನ ಅವನೂ ಜನರೊಂದಿಗೇ ಸಿನೆಮಾ ನೋಡಬೇಕು. ಈಗ ಆದದ್ದನ್ನು ಹೇಳುವಷ್ಟರಲ್ಲಿ ಪರದೆಯ ಮೇಲೆ ಇನ್ನೇನೋ ಆಗಿಹೋಗಿರುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ, ಮುಖ್ಯವಾದದ್ದು ಬರುವಾಗಲೇ ಇವನ ಬಾಯಿ ತೆರೆದಿರುತ್ತಿತ್ತು. ಒಮ್ಮೆ ನಾಯಕಿಯನ್ನು ನಾಯಕನ ತಂಗಿಯೆಂದು ಒಂದು ಗಂಟೆ ಹೊತ್ತು ಹೇಳಿದ್ದ. ಅವರಿಬ್ಬರೂ ಕೈಕೈ ಹಿಡಿದು ಮರ ಸುತ್ತತೊಡಗಿದಾಗ ಒಂದು ಚೂರೂ ನಾಚದೆ, "ತಂಗಿ ಅಂದರೆ ಒಡಹುಟ್ಟಿದವಳಲ್ಲ, ಸೋದರತ್ತೆಯ ಮಗಳು" ಎಂದುಬಿಟ್ಟ. ಟೆಂಟಿಗೆ ಟೆಂಟೇ ಸಮಾಧಾನಪಟ್ಟುಕೊಂಡಿತು.

ಎರಡನೇ ದಿನದ ಸಂಕಪ್ಪನೇ ಬೇರೆ. ಆ ದಿನ ಅವನು ಕಡಿಮೆ ಮಾತಾಡುತ್ತಿದ್ದ, ಹೆಚ್ಚು ನೋಡುತ್ತಿದ್ದ. ಮೊದಲ ಸಲ ನೋಡುವಾಗ ಅಳುವವರು ಮಾತ್ರ ಕಾಣುತ್ತಾರೆ, ಎರಡನೇ ಸಲ ಹಿಂದೆ ಸುಮ್ಮನೆ ನಿಂತವರು ಕಾಣುತ್ತಾರೆ ಎಂಬುದು ಅವನು ಕಂಡುಕೊಂಡ ಸತ್ಯ. ನಿನ್ನೆ ತಾನು ಹೇಳಿದ್ದು ಎಲ್ಲೆಲ್ಲಿ ತಪ್ಪಿತೆಂದು ಒಪ್ಪಿಕೊಳ್ಳುತ್ತ, ತಿದ್ದುತ್ತ ಕಥೆ ಹೇಳುತ್ತಿದ್ದ. ಜನರಿಗೂ ಇದು ರೂಢಿಯಾಗಿ, "ಮೊದಲ ದಿನ ಸಂಕಪ್ಪನ ಸಿನೆಮಾ, ಎರಡನೇ ದಿನ ಮದರಾಸಿನವರ ಸಿನೆಮಾ" ಎಂಬ ಮಾತೇ ಹುಟ್ಟಿತ್ತು. ನೋಡುವುದಾದರೆ ಎರಡೂ ನೋಡಬೇಕು. ಮೂಸಬ್ಬನಿಗೆ ಇದಕ್ಕಿಂತ ಇನ್ನೇನು ಬೇಕು? ಇವನನ್ನು ತಿದ್ದುವ ಗೋಜಿಗೆ ಅವನು ಹೋಗಲೇ ಇಲ್ಲ.

ಸಂಕಪ್ಪನಿಗೆ ಮನೆ ಎಂಬುದಿರಲಿಲ್ಲ. ಟೆಂಟಿನ ಹಿಂದೆ ರೀಲಿನ ಪೆಟ್ಟಿಗೆಗಳ ಪಕ್ಕ ಅವನ ಚಾಪೆ. ಮಳೆಗಾಲದಲ್ಲಿ ಮೂಸಬ್ಬನ ಅಂಗಡಿಯ ಅಟ್ಟ. ಹೆಂಡತಿಯ ಮನೆ ಮಿಜಾರಿನಲ್ಲಿತ್ತು, ಇತ್ತು ಎಂದೇ ಹೇಳಬೇಕು. ಮಗಳು ಪ್ರಫುಲ್ಲಾ ಎರಡು ವರ್ಷದವಳಿದ್ದಾಗ, ಹೋಟೆಲಿನ ಮ್ಯಾನೇಜರನಾಗಿ ಬರುತ್ತೇನೆಂದು ಕೊಚ್ಚಿಕೊಂಡು ಮದರಾಸಿನ ರೈಲು ಹತ್ತಿದ್ದ. ಸಿಕ್ಕಿದ್ದು ಬಟ್ಟಲು ತೊಳೆಯುವ ಕೆಲಸ. ಅದನ್ನು ಏನೆಂದು ಬರೆಯುವುದು? ಮೊದಲ ವರ್ಷ ನಾಚಿಕೆಗೆ ಬರೆಯಲಿಲ್ಲ. ಎರಡನೇ ವರ್ಷ, ಮೊದಲ ವರ್ಷ ಬರೆಯಲಿಲ್ಲವಲ್ಲ ಎಂಬ ನಾಚಿಕೆಗೆ ಬರೆಯಲಿಲ್ಲ. ಆಮೇಲೆ ಅದೇ ಅಭ್ಯಾಸವಾಯಿತು. ಒಂಬತ್ತು ವರ್ಷದಲ್ಲಿ ಒಂದೇ ಒಂದು ಕಾರ್ಡು ಹಾಕದ ಗಂಡಸಿಗಾಗಿ ಯಾವ ಹೆಣ್ಣು ಕಾಯಬೇಕು? ಅಳಿಯಸಂತಾನದ ಮನೆ ಅದು, ಹೆಣ್ಣು ಇರುವುದು ತನ್ನ ತಾಯಿಮನೆಯಲ್ಲಿ, ಯಜಮಾನಿಕೆ ಅವಳ ಅಣ್ಣನದು. ಹಿರಿಯರು ಕೂತು ಈ ಸಂಬಂಧ ಮುಗಿಯಿತೆಂದು ಹೇಳಿ ಅವಳನ್ನು ಬೇರೊಬ್ಬನಿಗೆ ಕೊಟ್ಟರು. ಅದರಲ್ಲಿ ತಪ್ಪು ಹುಡುಕುವವನ ನಾಲಗೆಯಲ್ಲೇ ತಪ್ಪಿದೆ.

ಸಂಕಪ್ಪ ಹಿಂದಿರುಗಿದಾಗ ಜಗಲಿಯಲ್ಲಿ ಬೇರೆ ಗಂಡಸು ಎಲೆಯಡಿಕೆ ಜಗಿಯುತ್ತ ಕೂತಿದ್ದ. ಹನ್ನೊಂದು ವರ್ಷದ ಹುಡುಗಿಯೊಬ್ಬಳು, ಯಾರೋ ನೆಂಟರು ಬಂದರೆಂದು, ಬೆಲ್ಲ ನೀರು ತಂದು ಮುಂದಿಟ್ಟಳು. ಅವನು ಕುಡಿದು, ಲೋಟ ಕೆಳಗಿಟ್ಟು, ಬಂದ ದಾರಿಯಲ್ಲೇ ಹೋದ. ತಾನು ಯಾರೆಂದು ಅವಳಿಗೆ ಹೇಳಲಿಲ್ಲ.

ಇದಾಗಿ ಎಂಟು ವರ್ಷಕ್ಕೆ, ಸಾವಿರದ ಒಂಬೈನೂರ ಐವತ್ತೊಂಬತ್ತರ ಫೆಬ್ರವರಿಯಲ್ಲಿ, ಮೂಡಬಿದ್ರೆಯ ಟೆಂಟಿಗೆ ಒಂದು ತಮಿಳು ಸಿನೆಮಾ ಬಂತು. ಮೂರು ದಿನದ ಆಟ. ಅಪ್ಪನೊಬ್ಬ ಹೆಂಡತಿ ಮಗಳನ್ನು ಹೆಂಡತಿಯ ಅಣ್ಣನ ಮನೆಯಲ್ಲಿ ಬಿಟ್ಟು ದೂರದ ಊರಿಗೆ ಹೋಗುತ್ತಾನೆ. ಸುದ್ದಿಯಿಲ್ಲ. ಹೆಂಡತಿ ಕೊರಗಿ ಸಾಯುತ್ತಾಳೆ, ಮಗಳು ಬೆಳೆಯುತ್ತಾಳೆ. ತಲೆ ನರೆತ ಮೇಲೆ ಅವನು ಬಂದು ಬಾಗಿಲು ತಟ್ಟಿದರೆ ಮಗಳು ಅದನ್ನು ಅವನ ಮುಖದ ಮೇಲೆಯೇ ಮುಚ್ಚಿಬಿಡುತ್ತಾಳೆ. ಕೊನೆಗೆ ಮನಸ್ಸು ಕರಗಿ ಓಡಿಬರುತ್ತಾಳೆ. ಮೊದಲ ದಿನ ಸಂಕಪ್ಪನಿಗೆ ತಿಳಿದದ್ದು ಇಷ್ಟು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ದಿನ ಸಂಕಪ್ಪ ಹೆಗಲು ಮುಟ್ಟಿಕೊಳ್ಳಲಿಲ್ಲ, ಕಾಯಿಯನ್ನೇ ಎತ್ತಿ ಎಲ್ಲರಿಗೂ ತೋರಿಸಿದ. "ಒಂದು ಕಾಗದ ಹಾಕಲಿಕ್ಕೆ ಆಗದವನು ಅಪ್ಪನಾ? ಅವನಿಗೆ ಕೈ ಇರಲಿಲ್ಲವಾ? ತೆರೆಯಬೇಡ ಮಗಳೇ, ಇಂಥವನಿಗೆ ಬಾಗಿಲು ತೆರೆಯಬೇಡ!" ಎಂದು ಕೂಗಿದ. ಕೊನೆಯಲ್ಲಿ ಮಗಳು ಓಡಿಬಂದಾಗ, "ನೋಡಿ, ತಪ್ಪೆಲ್ಲ ಅಪ್ಪನದೇ. ಗೊತ್ತಿದ್ದೂ ಬಂದಳು. ಆ ಯೋಗ್ಯತೆ ಇವನಿಗಿಲ್ಲ" ಎಂದ. ಇವತ್ತು ಸಂಕಪ್ಪ ಭಾರೀ ಚೆಂದ ಮಾಡಿದ ಎಂದು ಜನ ಹೇಳಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅವನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ ಅಮ್ಮಣ್ಣಿ ಬಂದಳು. ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ತೆಂಗಿನ ಗರಿ ಹೆಣೆದ ಮಡಲಿನ ತಟ್ಟಿ ಇತ್ತು. ಹೆಂಗಸರ ಬದಿಯ ಬಾಗಿಲಲ್ಲಿ ಟಿಕೆಟ್ ಹರಿಯುವ ವಿಧವೆ ಈಕೆ.

"ಸಂಕಪ್ಪಣ್ಣ, ನಿನ್ನೆ ಮಿಜಾರಿನ ಒಂದು ಹುಡುಗಿ ಬಂದಿತ್ತು. ಕಥೆ ಹೇಳುವವರು ಬಂಟ್ವಾಳದ ಸಂಕಪ್ಪನವರಾ ಅಂತ ಕೇಳಿತು. ಹೆಸರು ಪ್ರಫುಲ್ಲಾ ಅಂತೆ."

ಅವನ ಕೈಯಲ್ಲಿದ್ದ ನೀರು ಕೈಯಲ್ಲೇ ಸೋರಿಹೋಯಿತು.

"ಮುಂದಿನ ತಿಂಗಳು ಮದುವೆಯಂತೆ. ಸೋದರಮಾವನ ಜೊತೆ ಇಲ್ಲಿ ನೆಂಟರ ಮನೆಗೆ ಬಂದದ್ದು, ನಾಲ್ಕು ದಿನ ಇರ್ತದಂತೆ. ನೀವು ಹೇಳಿದ್ದು ಕೇಳಿ ಅದು ಅತ್ತದ್ದು ನೋಡಿದರೆ ನಿಮಗೆ ಕರುಳು ಕಿತ್ತು ಬರ್ತಿತ್ತು. ಇವತ್ತು ಪುನಃ ಬರ್ತದೆ. ಆಟ ಬಿಟ್ಟ ಮೇಲೆ ನಿಮ್ಮತ್ರ ಮಾತಾಡ್ಲಿಕ್ಕುಂಟಂತೆ."

"ಏನು ಮಾತು?"

"ಮದುವೆಗೆ ಕರೀಲಿಕ್ಕೆ, ಇನ್ನೇನು? ಧಾರೆ ಎರೀಲಿಕ್ಕೆ ಮಾವ ಇದ್ದಾರೆ, ಅಪ್ಪ ಬೇಕಂತ ಏನಿಲ್ಲ, ಆದರೂ ಬಂದು ಕೂತರೆ ಸಾಕು ಅಂತ ನನ್ನ ಹತ್ರ ಹೇಳಿತು."

ಬಂದು ಕೂತರೆ ಸಾಕು! ಸಂಕಪ್ಪ ಆ ದಿನವಿಡೀ ಅದನ್ನೇ ಮೆಲುಕು ಹಾಕಿದ. ಇದ್ದ ಒಂದೇ ಬಿಳಿ ಅಂಗಿಯನ್ನು ಒಗೆದು ಟೆಂಟಿನ ಹಗ್ಗಕ್ಕೆ ಹರಡಿದ. ಆದರೆ ಸಂಜೆಯಾಗುತ್ತ ಬಂದಂತೆ ಹೆದರಿಕೆ ಹತ್ತಿತು. ನಿನ್ನೆ ಆ ಅಪ್ಪನಿಗೆ ಬಾಯಿಗೆ ಬಂದಂತೆ ಬೈದುಬಿಟ್ಟೆನಲ್ಲ, ನನ್ನನ್ನು ನಾನೇ ಅವಳ ಮುಂದೆ ಬೆತ್ತಲೆ ಮಾಡಿದೆನಲ್ಲ ಎಂದುಕೊಂಡ. ಆ ಬೈಗುಳವೇ ಅವಳನ್ನು ಅಳಿಸಿ ಎರಡನೇ ಸಲ ಕರೆಸಿತ್ತು ಎಂಬುದು ಅವನ ತಲೆಗೆ ಹೋಗಲಿಲ್ಲ. ಪರದೆಯಲ್ಲಿ ಹಿಂದೆ ನಿಂತವರನ್ನೂ ಗುರುತಿಸುವ ಮಹಾನುಭಾವ, ತಟ್ಟಿಯ ಆಚೆ ಅತ್ತ ಮಗಳನ್ನು ಓದಲಾರದೆ ಹೋದ.

ದೀಪ ಆರಿತು. ಬಿಳಿ ಅಂಗಿ ತೊಟ್ಟು ಸ್ಟೂಲು ಹತ್ತಿದ. ಮಗಳು ತಟ್ಟಿಯ ಆಚೆ ಇದ್ದಾಳೆಂದು ಗೊತ್ತಿತ್ತು, ಕಾಣುತ್ತಿರಲಿಲ್ಲ. ಅರ್ಧ ಗಂಟೆಯಾಗಿರಬಹುದು, ಹಾಸ್ಯದವನು ಕೆಸರಿಗೆ ಬೀಳುವ ಜಾಗ ಬಂತು. ನಿನ್ನೆ ಎಲ್ಲರೊಂದಿಗೆ ಅವನೂ ನಕ್ಕಿದ್ದ. ಇವತ್ತು ನಗದೆ ನೋಡಿದರೆ, ಕೆಸರಿಗೆ ಬಿದ್ದವನ ಹಿಂದೆ, ಮನೆಯ ಮೆಟ್ಟಿಲಲ್ಲಿ ಅಂಚೆಯವನು ನಿಂತಿದ್ದಾನೆ! ಹುಡುಗಿಯ ಸೋದರಮಾವ ಅವನಿಂದ ಕಾಗದ ತೆಗೆದುಕೊಂಡು, ಆಚೀಚೆ ನೋಡಿ, ಭತ್ತದ ಕಣಜದೊಳಗೆ ತುರುಕುತ್ತಿದ್ದಾನೆ. ನಿನ್ನೆ ತಾನು ಹಳೇ ಜಮೀನಿನ ಪತ್ರ ಎಂದಿದ್ದ, ಸಿನೆಮಾದ ಕೊನೆಗೆ ಒಲೆಯಲ್ಲಿ ಉರಿಯುವ ಕಾಗದದ ಕಟ್ಟು ಇವುಗಳದೇ. ಅಪ್ಪ ಬರೆದಿದ್ದ! ವರ್ಷವರ್ಷವೂ ಬರೆದಿದ್ದ!

ಸಂಕಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಅದು ಸಿನೆಮಾದ ಅಪ್ಪನ ಸಂಗತಿ, ತನ್ನದಲ್ಲ ಎಂಬ ಎಚ್ಚರವೂ ಉಳಿಯಲಿಲ್ಲ.

"ಕೇಳಿ, ಕೇಳಿ! ನಿನ್ನೆ ನಾನು ಹೇಳಿದ್ದು ಶುದ್ಧ ತಪ್ಪು! ಅಪ್ಪನದು ಒಂದು ಚೂರೂ ತಪ್ಪಿಲ್ಲ. ಎಲ್ಲ ಆ ಮಾವನ ಕೆಲಸ! ನೋಡಿ, ಕಾಗದ ಅಡಗಿಸ್ತಾನೆ, ಕಳ್ಳ! ಅಪ್ಪ ಬರೆದಿದ್ದಾನೆ. ಒಂದಲ್ಲ, ಎರಡಲ್ಲ, ನೂರು ಬರೆದಿದ್ದಾನೆ!"

ಸೋದರಮಾವನೆಂದರೆ ಆ ಊರಲ್ಲಿ ಮನೆಯ ಕಂಬ. ಮಾವನಿಗೆ ಬೈಯುವುದನ್ನು ಕೇಳಿ ಟೆಂಟು ತಣ್ಣಗಾಯಿತು. ಸಂಕಪ್ಪನಿಗೆ ಅದೂ ತಿಳಿಯಲಿಲ್ಲ. ಪರದೆಯಲ್ಲಿ ಇದ್ದದ್ದನ್ನು ಹೇಳಿದ, ಇಲ್ಲದ್ದನ್ನೂ ಸೇರಿಸಿದ. ಮಗಳ ಕಿವಿಗೆ ಮುಟ್ಟಲೆಂದು ತಟ್ಟಿಯ ಕಡೆಗೇ ತಿರುಗಿ, "ಅಪ್ಪನನ್ನು ದೂರ ಮಾಡಿದ್ದೇ ಈ ಮಾವ" ಎಂದು ಮೂರು ಮೂರು ಸಲ ಸಾರಿದ.

ಆಟ ಬಿಟ್ಟ ಮೇಲೆ ಹೆಂಗಸರ ಬಾಗಿಲಿನ ಬಳಿ ಬಂದು ನಿಂತ. ಎಲ್ಲರೂ ಹೋದರು. ಅಮ್ಮಣ್ಣಿ ಒಬ್ಬಳೇ ಉಳಿದಳು.

"ಅದು ಅರ್ಧದಲ್ಲೇ ಎದ್ದು ಹೋಯಿತು ಸಂಕಪ್ಪಣ್ಣ."

"ಯಾಕೆ? ಹುಷಾರಿಲ್ಲವಾ?"

ಅಮ್ಮಣ್ಣಿಗೆ ಹೇಳುವ ಮನಸ್ಸಿರಲಿಲ್ಲ. ಆದರೂ ಹೇಳಿದಳು. "'ನಿನ್ನೆ ಅವರು ತಪ್ಪು ತನ್ನದೇ ಅಂತ ಒಪ್ಪಿಕೊಂಡರು ಅಂತ ತಿಳಿದು ಬಂದೆ. ಇವತ್ತು ನನ್ನನ್ನು ಸಾಕಿದ ಮಾವನ ಮೇಲೆ ಹಾಕಿದರು. ನಮ್ಮ ಮನೆಗೆ ಒಂದು ಕಾಗದವೂ ಬರಲಿಲ್ಲ ಅಂತ ಅವರಿಗೆ ಗೊತ್ತಿಲ್ವಾ?' ಅಂತ ಹೇಳಿತು. ಅಳಲಿಲ್ಲ. ಅಳುತ್ತಿದ್ದರೆ ನಾನು ಕೂರಿಸ್ತಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಕಪ್ಪ ಮರುದಿನ ಬೆಳಿಗ್ಗೆ ಆ ನೆಂಟರ ಮನೆಯ ಓಣಿಯವರೆಗೆ ಹೋದ. ಜಗಲಿಯಲ್ಲಿ ಅವಳ ಮಾವ ಕೂತು ಮದುವೆಗೆ ಬರಬೇಕಾದವರ ಹೆಸರುಗಳನ್ನು ಯಾರಿಗೋ ಬರೆಸುತ್ತಿದ್ದರು. ಅವರೆದುರು ಹೋಗಿ ನಿಲ್ಲಲು ಯಾವ ಮುಖ? ತಿರುಗಿ ಬಂದು ಅಮ್ಮಣ್ಣಿಗೆ, "ಇವತ್ತೇ ಕೊನೆ ಆಟ. ಅವಳು ಬಂದರೂ ಬರಬಹುದು. ಸ್ವಲ್ಪ ನೋಡ್ತಾ ಇರು" ಎಂದು ಕೈಮುಗಿದ. ಅಷ್ಟು ವರ್ಷದಲ್ಲಿ ಅವನು ಯಾರಿಗೂ ಕೈಮುಗಿದದ್ದನ್ನು ಅಮ್ಮಣ್ಣಿ ನೋಡಿರಲಿಲ್ಲ.

ಮೂರನೇ ದಿನ ಟೆಂಟು ತುಂಬಿತ್ತು. ಅರ್ಧಕ್ಕರ್ಧ ಜನ ಮೊದಲೇ ನೋಡಿದವರು. ಅಂಚೆಯವನು ಬಂದ, ಮಾವ ಕಾಗದವನ್ನು ಕಣಜಕ್ಕೆ ತುರುಕಿದ. ಸಂಕಪ್ಪ ಅದನ್ನು ಕಣ್ಣಾರೆ ನೋಡುತ್ತಲೇ, "ಅಪ್ಪನಿಂದ ಕಾಗದ ಇಲ್ಲ" ಎಂದ. "ಒಂದೂ ಇಲ್ಲ. ಮಾವ ಒಳ್ಳೆಯವರು. ಆ ಮಗುವನ್ನು ಸಾಕಿದ್ದು ಅವರು."

"ಕಾಗದ ಕಾಣ್ತಾ ಉಂಟಲ್ಲ ಮಾರಾಯ! ನಿನ್ನೆ ನೀನೇ ಹೇಳಿದ್ದಲ್ವಾ?" ಎಂದು ಯಾರೋ ಕೂಗಿದರು. ಚಾಪೆಗಳಿಂದ ಸಿಳ್ಳೆ ಎದ್ದಿತು. ಹೊರಗಿನಿಂದ ಓಡಿಬಂದ ಮೂಸಬ್ಬ, "ಏನಾಯಿತು ಸಂಕಪ್ಪ ನಿಮಗೆ? ಸರಿಯಾಗಿ ಹೇಳಿ" ಎಂದು ಸ್ಟೂಲಿನ ಬುಡದಲ್ಲಿ ನಿಂತು ಗದರಿಸಿದ. ಸಂಕಪ್ಪ ತಟ್ಟಿಯ ಕಡೆಗೇ ತಿರುಗಿದ. ಒಲೆಯಲ್ಲಿ ಕಾಗದದ ಕಟ್ಟು ಹೊತ್ತಿ ಉರಿಯುತ್ತಿದ್ದಾಗಲೂ, ಮುನ್ನೂರು ಜನ ಅದನ್ನು ನೋಡುತ್ತಿದ್ದಾಗಲೂ, "ಅವನು ಬರೆಯಲೇ ಇಲ್ಲ. ನಾಚಿಕೆಗೆ ಬರೆಯಲಿಲ್ಲ. ಬೇರೆ ಯಾರದೂ ತಪ್ಪಿಲ್ಲ" ಎಂದು, ಸಿಳ್ಳೆಗಿಂತ ಮೇಲೆ ಕೇಳುವ ಹಾಗೆ, ಗಂಟಲು ಹರಿಯುವಂತೆ ಹೇಳಿದ.

ಪರದೆಯ ಮೇಲೆ ಮಗಳು ಅಪ್ಪನ ಕಡೆಗೆ ಓಡಿಬಂದಳು. ದೀಪ ಹತ್ತಿತು. ಜನ ನಗುತ್ತ, ಬೈಯುತ್ತ ಎದ್ದರು. ಸಂಕಪ್ಪ ಸ್ಟೂಲಿನಿಂದ ಇಳಿಯದೆ ಹೆಂಗಸರ ಬಾಗಿಲಿನತ್ತ ನೋಡಿದ. ಅಲ್ಲಿ ನಿಂತಿದ್ದ ಅಮ್ಮಣ್ಣಿ, ಹೊರಗೆ ಹೋಗುತ್ತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿ ಮುಗಿಸಿ, ಇಲ್ಲವೆಂದು ತಲೆಯಾಡಿಸಿದಳು.