ಅಪ್ಪನ ಹಸಿರು ಚುಕ್ಕೆ

ನಾನು ಓದಿದ್ದು ಲಾಜಿಸ್ಟಿಕ್ಸ್. ಆ ಪದಕ್ಕೆ ನಮ್ಮ ಓಣಿಯವರ ನಾಲಿಗೆ ತಿರುಗುತ್ತಿರಲಿಲ್ಲ, "ಲಾರಿ ಕಾಲೇಜು" ಎನ್ನುತ್ತಿದ್ದರು. ಹೊಸಪೇಟೆಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವನು ಅಪ್ಪ. ಅದೇ ಕಂಪನಿಯಲ್ಲಿ ಅವನು ಬಹಳ ವರ್ಷಗಳಿಂದ ಡ್ರೈವರ್. ಮೊದಲು ಸಂಡೂರಿನ ಅದಿರು, ಆಮೇಲೆ ಕಂಪ್ಲಿಯ ಅಕ್ಕಿ. "ನಾನು ಲಾರಿ ಓಡಿಸ್ದೆ, ನನ್ ಮಗಳು ಲಾರಿ ಓಡಿಸೋರ್ನ ಓಡಿಸ್ತಾಳ, ಭೇಷ್!" ಎಂದು ಲಾರಿ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ನನ್ನ ಕೆಲಸ ಕಂಪ್ಯೂಟರಿನ ಮುಂದೆ. ಡ್ರೈವರುಗಳ ಫೋನಿನಲ್ಲಿ ಒಂದು ಆ್ಯಪ್ ಇರುತ್ತದೆ. ಫೋನು ಹೋದಲ್ಲಿ ನಕ್ಷೆಯ ಮೇಲೆ ಒಂದು ಚುಕ್ಕೆ ಹೋಗುತ್ತದೆ. ಓಡುತ್ತಿದ್ದರೆ ಹಸಿರು, ಹೆಚ್ಚು ಹೊತ್ತು ನಿಂತರೆ ಕೆಂಪು. ಕೆಂಪಾದರೆ ನಾನು ಫೋನು ಮಾಡಿ "ಯಾಕ ನಿಂತೀರಿ?" ಎಂದು ಕೇಳಬೇಕು. ಕೇಳುತ್ತಿದ್ದೆ, ಬಾಯಿ ಸ್ವಲ್ಪ ಜೋರೇ ನನ್ನದು. ಹೆಣ್ಣುಮಗಳು ಮೆತ್ತಗಾದರೆ ಈ ಗಂಡಸರು ತಲೆಯ ಮೇಲೆ ಕೂರುತ್ತಾರೆ ಅನ್ನುವ ಹಟ.

ಎಲ್ಲರಿಗಿಂತ ಹೆಚ್ಚು ಕೆಂಪಾಗುತ್ತಿದ್ದವನು ಅಪ್ಪನೇ. ಆ ವರ್ಷ ಅವನಿಗೆ ಸುಸ್ತು ಜಾಸ್ತಿ. ಕೇಳಿದರೆ "ವಯಸ್ಸಾತಲ್ಲಲೇ" ಎಂದು ನಗುತ್ತಿದ್ದ. ಒಂದು ದಿನ ಮೀಟಿಂಗಿನಲ್ಲಿ ಸಾಹೇಬರು ಅವನ ಹೆಸರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಮೈಯೆಲ್ಲ ಉರಿದುಹೋಯಿತು ನನಗೆ. ನೆಟ್ಟಗೆ ಅಂಗಳಕ್ಕೆ ಹೋಗಿ, ಹತ್ತು ಜನ ಡ್ರೈವರುಗಳ ಎದುರಿಗೆ, "ಮಗಳ ಆಫೀಸು ಅಂತ ಕಂಡಲ್ಲೆಲ್ಲ ಮಲಗ್ತೀಯೇನಪ್ಪಾ? ನನ್ ಮರ್ಯಾದಿ ಕಳೀಬ್ಯಾಡ" ಅಂದುಬಿಟ್ಟೆ. ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಆತವ್ವ, ಇನ್ನ ನಿಲ್ಲಂಗಿಲ್ಲ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಹೋದ ಮೇಲೆ ತಪ್ಪಾಯಿತೆಂದು ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ.

ಮುಂದಿನ ವಾರ ಕಂಪ್ಲಿಯ ಮಿಲ್ಲಿನಿಂದ ಅಕ್ಕಿ ತುಂಬಿದ ಎರಡು ಲಾರಿಗಳು ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವನ ಹಳೆಯ ಗೆಳೆಯ. ಮರಿಯಮ್ಮನಹಳ್ಳಿ ದಾಟಿದ ಮೇಲೆ ಎರಡು ಚುಕ್ಕೆಗಳೂ ಒಂದರ ಮೇಲೊಂದು ಅಂಟಿಕೊಂಡು ಓಡತೊಡಗಿದವು. ಎರಡೂ ಹಸಿರು. "ನೋಡ್ರಿ, ಮುದುಕರಿಬ್ರೂ ಜೋಡಿ ಬಿಡಂಗಿಲ್ಲ" ಎಂದು ಪಕ್ಕದ ಮೇಜಿನವಳಿಗೆ ತೋರಿಸಿ ನಕ್ಕೆ. ಇದೇ ಓದಿಗೆ ಕಾಲೇಜಿನಲ್ಲಿ ನನಗೆ ಪದಕ ಕೊಟ್ಟಿದ್ದರು, ಥೂ.

ಮಧ್ಯಾಹ್ನ ಚಿತ್ರದುರ್ಗದಿಂದ ಆ ಗೆಳೆಯನ ಫೋನು ಬಂತು. "ಅವ್ವಾ, ನಿಮ್ಮಪ್ಪ ಇನ್ನಾ ಬಂದಿಲ್ಲ."

"ಬಂದಾನಲ್ಲ ಕಾಕಾ, ನಿಮ್ ಹತ್ರನ ತೋರಿಸಾಕತ್ತೈತಿ."

"ಅವನ ಫೋನು ನನ್ ಗಾಡ್ಯಾಗೈತವ್ವ. ಅವ ಮರಿಯಮ್ಮನಹಳ್ಳ್ಯಾಗ ನಿಂತ. ಎದಿ ಬಿಗಿದಂಗ ಆಗೇತಿ, ಗ್ಯಾಸ್ ಇರಬೇಕು, ಒಂದೀಟು ಮಲಗಿ ಬರ್ತೀನಿ, ಫೋನು ನೀ ಒಯ್ಯಿ ಅಂದ."

ದಣಿದವನು ತನ್ನ ಫೋನನ್ನು ಜೊತೆಗಾರನ ಲಾರಿಯಲ್ಲಿ ಕಳಿಸಿಬಿಡುವುದು, ತಾನು ನಿಂತರೂ ಚುಕ್ಕೆ ಓಡುತ್ತಲೇ ಇರುವುದು, ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ. ನನ್ನ ಬಾಯಿಗೆ ಹೆದರಿ ಹುಟ್ಟಿದ ಉಪಾಯವನ್ನು ನನಗೆ ಯಾರು ಹೇಳುತ್ತಾರೆ?

ಮರಿಯಮ್ಮನಹಳ್ಳಿ ನನ್ನ ಕುರ್ಚಿಯಿಂದ ಅರ್ಧ ಗಂಟೆಯ ದಾರಿ. ರಸ್ತೆ ಬದಿಯ ಚಹದಂಗಡಿಯ ಮುಂದೆ ಲಾರಿ ನಿಂತಿತ್ತು. ಅಪ್ಪ ಸೀಟಿನ ಮೇಲೆ ಮಗ್ಗುಲಾಗಿ ಮಲಗಿದ್ದ. ಮೈ ತಣ್ಣಗಾಗಿತ್ತು. ಭುಜ ಹಿಡಿದು ಅಲುಗಾಡಿಸಿದೆ, ಕೂಗಿದೆ, ಏಳೋ ಎಂದು ಬೈದೆ ಕೂಡ. ಬೈಯುವುದೊಂದೇ ನನಗೆ ಬರುತ್ತಿದ್ದದ್ದು.

ಚಹದಂಗಡಿಯ ಹೆಂಗಸು ನನ್ನನ್ನು ಕೆಳಗಿಳಿಸಿ, ಕೂರಿಸಿ, ನೀರು ಕೊಟ್ಟಳು. "ಭಾಳ ಬೆವತಿದ್ರವ್ವ," ಅಂದಳು. "ನನ್ ಫೋನು ತಗೋರಿ, ಮನಿಗೆ ಹಚ್ಚಿ ಹೇಳ್ರಿ ಅಂದೆ. ಕೈಯಾಗ ತಗಂಡ್ರು. ಆಮ್ಯಾಲ ವಾಪಸ್ ಕೊಟ್ರು. ಬ್ಯಾಡ ತಂಗಿ, ಹಚ್ಚಿದ್ರ ನಾನು ನಿಂತೀನಿ ಅಂತ ನನ್ ಮಗಳಿಗೆ ಗೊತ್ತಾಗ್ತೈತಿ ಅಂದ್ರು."