ಕರೆದರೆ ಕಣ್ಣು ಬಿಡುವಷ್ಟು ನಿದ್ದೆ

ಆರನೇ ಹಾಸಿಗೆಯ ಬಡಗಿಯನ್ನು ಎಬ್ಬಿಸಿ ನೋಡಿ ಎಂದು ಡಾಕ್ಟರು ಹೇಳಿ ಮೂರು ದಿನವಾಯಿತು. ಎಬ್ಬಿಸಿಲ್ಲ. ಎಬ್ಬಿಸಿದವರು ಪಕ್ಕದಲ್ಲೇ ನಿಲ್ಲಬೇಕು, ನಿಲ್ಲಲು ನರ್ಸುಗಳಿಲ್ಲ.

ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ತೀವ್ರ ನಿಗಾ ಘಟಕದ ಸಿಸ್ಟರ್ ಬಡಗಿಯ ಮುಖದ ಮೇಲೆ ಬಾಗಿದ್ದಾರೆ. ಅವನ ಬಾಯಲ್ಲಿ ನಳಿಕೆ, ಎದೆಯಲ್ಲಿ ವೆಂಟಿಲೇಟರಿನ ಉಸಿರು, ಹುಬ್ಬಿನಲ್ಲಿ ಗಂಟು. ಡಾಕ್ಟರು ಬರೆದಿಟ್ಟಿರುವ ನೋವಿನ ಮದ್ದನ್ನೇ ಸಿಸ್ಟರ್ ಮೊದಲು ಕೊಡುತ್ತಾರೆ. "ನೋವಿರೋನನ್ನ ಬರೀ ಮಲಗಿಸಿದ್ರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅಷ್ಟೆ."

ಮಲಗಿಸಲು ಇಲ್ಲಿ ಎರಡು ಮದ್ದುಗಳಿವೆ. ಒಂದು ಅರೆನಿದ್ದೆಯದು, ಕರೆದರೆ ರೋಗಿ ಕಣ್ಣು ಬಿಡುತ್ತಾನೆ. ಆದರೆ ನಾಡಿ ಇಳಿದೀತು, ಕಾಯುವವರು ಬೇಕು. ಇನ್ನೊಂದು ಕೊರಡಿನಂತೆ ಕೆಡವುತ್ತದೆ. ದಿನಗಟ್ಟಲೆ ಹರಿಸಿದರೆ ಮೈಯಲ್ಲೇ ಬೇರೂರಿ, ನಿಲ್ಲಿಸಿದರೂ ಬಿಡದು. ಅಷ್ಟರಲ್ಲಿ ಕೈಕಾಲು ಸೊರಗುತ್ತವೆ, ಬುದ್ಧಿ ಕದಡುತ್ತದೆ. ಬಡಗಿಗೆ ಹರಿಯುತ್ತಿರುವುದು ಈ ಎರಡನೆಯದು. ಮದ್ದು ಆರಿಸುವಾಗ ಈ ಆಸ್ಪತ್ರೆ ರೋಗಿಯ ಮೈ ನೋಡುವುದಿಲ್ಲ, ಡ್ಯೂಟಿಗೆ ಬಂದವರ ತಲೆ ಎಣಿಸುತ್ತದೆ.

"ಅಮ್ಮ ಲೋಕಕ್ಕೆಲ್ಲ ನಿದ್ದೆ ಹಂಚ್ತಾಳೆ, ತಾನು ಬಸ್ಸಲ್ಲಿ ಕಂಬಿ ಹಿಡ್ಕೊಂಡು ತೂಕಡಿಸ್ತಾಳೆ," ಎಂದು ಸಿಸ್ಟರ್ ಅವರ ಮಗಳು ಆಡಿಕೊಳ್ಳುತ್ತಾಳಂತೆ. ಹೇಳುವಾಗ ಸಿಸ್ಟರ್ ನಗುತ್ತಾರೆ. ಕಣ್ಣು ನಗುವುದಿಲ್ಲ.

ಯಾರನ್ನೇ ಎಬ್ಬಿಸುವ ಮುನ್ನ ಮನೆಯಲ್ಲಿ ಕರೆಯುವ ಹೆಸರನ್ನು ಕೇಳುವುದು ಅವರ ರೂಢಿ. ಬಾಗಿಲಾಚೆ ಕಾಯುತ್ತಿರುವ ಬಡಗಿಯ ಹೆಂಡತಿ ನಾಚುತ್ತಾಳೆ. "ಗುಂಡಣ್ಣ ಅಂತಾರೆ, ಅಕ್ಕ. ಈಗ ಎಲ್ಲಿದೆ ಗುಂಡು, ಮೂಳೆ ಎಣಿಸ್ಬಹುದು. ಇವತ್ತಾದ್ರೂ ಕಣ್ಣು ಬಿಡ್ತಾರಾ?"

ಸಿಸ್ಟರ್ ನಿದ್ದೆಯ ಮದ್ದು ನಿಲ್ಲಿಸುತ್ತಾರೆ. "ಗುಂಡಣ್ಣಾ, ಆಸ್ಪತ್ರೇಲಿದೀರ. ಗಂಟಲಲ್ಲಿರೋದು ಉಸಿರಿನ ಕೊಳವೆ. ಎಳೀಬೇಡಿ." ಮತ್ತೆ ಮತ್ತೆ ಕರೆಯುತ್ತಾರೆ. ಬಹಳ ಹೊತ್ತಿನ ಮೇಲೆ ಉಳಿ ಹಿಡಿದು ಜಡ್ಡುಗಟ್ಟಿದ ಬೆರಳೊಂದು ಮಿಸುಕುತ್ತದೆ. ಕೈ ನಳಿಕೆಯತ್ತ ಏಳುತ್ತದೆ. ಅವರು ಹಿಡಿದುಕೊಳ್ಳುತ್ತಾರೆ.

ವಾರ್ಡಿನ ಇನ್‌ಚಾರ್ಜ್ ಧಾವಿಸಿ ಬರುತ್ತಾರೆ. "ಕಿತ್ಕೊಂಡ್ರೆ ಯಾರ ತಲೆಗೆ ಬರುತ್ತೆ? ನಿನ್ನ ಉಳಿದ ಹಾಸಿಗೆಗಳನ್ನ ನಿಮ್ಮಪ್ಪ ನೋಡ್ತಾನಾ? ಮದ್ದು ಏರಿಸು, ಮಲಗಿಸು."

ಬಡಗಿಯ ರೆಪ್ಪೆ ಅರ್ಧ ತೆರೆದಿದೆ. ಸಿಸ್ಟರ್ ಕಾಲಿನಿಂದಲೇ ಸ್ಟೂಲು ಎಳೆದುಕೊಂಡು ಕೂರುತ್ತಾರೆ, ಹಿಡಿದ ಕೈ ಬಿಡದೆ.

"ಏರಿಸಲ್ಲ ಮೇಡಂ. ಉಳಿದ ಹಾಸಿಗೆಗಳನ್ನ ನೀವು ನೋಡ್ಕೊಳ್ಳಿ."