ಮೇಜಿನ ಮೇಲೆ ಮಗುಚಿದ ಚಪ್ಪಲಿ

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಬೋವಿಕಾನದ ನಮ್ಮ ಮನೆಯ ಚಾವಡಿಯಲ್ಲಿ ಆ ವಾರವೆಲ್ಲ ಇದೊಂದೇ ಸದ್ದು. ಅನಿಮೇಷನ್ ಕಲಿಯುತ್ತಿದ್ದ ಮೊಮ್ಮಗಳು ಮೇಜಿನ ಮೇಲಿನ ವಸ್ತುಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಫೋಟೊ ತೆಗೆಯುತ್ತಿದ್ದಳು. ಅವನ್ನೆಲ್ಲ ಜೋಡಿಸಿ ಓಡಿಸಿದರೆ ವಸ್ತುಗಳೇ ಚಲಿಸುವ ಫಿಲ್ಮ್ ಆಗುತ್ತದಂತೆ. ಸೋಮವಾರ ಅದನ್ನು ಕಾಲೇಜಿಗೆ ಕೊಡದಿದ್ದರೆ ಅವಳ ಒಂದು ವರ್ಷ ಹೋದ ಹಾಗೆ.

ಮಗುಚಿ ಹಾಕಿದ ಹವಾಯಿ ಚಪ್ಪಲಿಯೇ ಗುಡ್ಡ. ನನ್ನ ಬಾಚಣಿಗೆ ರೈಲಿನಂತೆ ಅದನ್ನು ಹತ್ತಿ, ತುದಿಯಲ್ಲಿ ಮೀನಾಗಿ, ಹತ್ತಿಯ ಮೋಡಗಳ ನಡುವೆ ಈಜುತ್ತದೆ. ಸರ್ರಿಯಲಿಸಂ ಅಂತೆ, ಕನಸಿನಲ್ಲಿ ಯಾರೂ ಕಾರಣ ಕೇಳುವುದಿಲ್ಲವಲ್ಲ, ಹಾಗೆ. ಕಾನ್ವೆಂಟಿನಲ್ಲಿ ಸೇಬಿನ ನೆರಳು ತಪ್ಪು ಕಡೆಗೆ ಬಿತ್ತೆಂದು ಡ್ರಾಯಿಂಗ್ ಸಿಸ್ಟರ್ ಕೈಯಿಂದ ಸ್ಕೇಲಿನ ಏಟು ತಿಂದ ನನಗೆ ಈ ನಾನ್‌ಸೆನ್ಸ್ ಹಿಡಿಸಿತು. ಬಾಚಣಿಗೆ ಸರಿಸುವ ಕೆಲಸ ನನ್ನದಾಯಿತು.

ಆಗ ನನ್ನ ಅಕ್ಕ ನಮ್ಮ ಜೊತೆಗಿದ್ದಳು. ಚಪ್ಪಲಿ ಮಗುಚಿದ್ದರೆ ಮನೆಯಲ್ಲಿ ಜಗಳ ಎಂಬುದು ಅವಳಿಗೆ ನಂಬಿಕೆಗಿಂತ ಹೆಚ್ಚಾಗಿ ಹ್ಯಾಬಿಟ್; ಮದುವೆಮನೆಯ ಅಂಗಳದಲ್ಲೂ ಯಾರ್ಯಾರದೋ ಚಪ್ಪಲಿಯನ್ನು ಕಾಲಬೆರಳಿನಿಂದ ಸರಿಮಾಡಿಯೇ ಮುಂದೆ ಹೋಗುವವಳು. ಮೇಜು ಮುಟ್ಟಬಾರದೆಂದು ಹೇಳಿಯೂ ಇತ್ತು. ಶನಿವಾರ ನಾನೂ ಮೊಮ್ಮಗಳೂ ಕಾಫಿ ಕುಡಿದು ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿಲ ಬಳಿ ತನ್ನ ಜೋಡಿಯೊಂದಿಗೆ ನೆಟ್ಟಗೆ ಕೂತಿತ್ತು. ಮೇಜು ಒರೆಸಿಯೂ ಆಗಿತ್ತು.

ಹುಡುಗಿ ಅಳಲಿಲ್ಲ. ಎಲ್ಲವನ್ನೂ ಕೂದಲೆಳೆ ತಪ್ಪದೆ ಮೊದಲಿದ್ದಲ್ಲೇ ಇಡಲಾಗದು, ಇನ್ನು ಕಂಟಿನ್ಯೂಟಿ ಸಿಗುವುದಿಲ್ಲ, ಐದು ದಿನದ ಕೆಲಸ ಹೋಯಿತು ಅಂದಳು.

"ಮುಟ್ಬಾರ್ದು ಅಂತ ನಂಗೆ ಗೊತ್ತುಂಟು," ಅಂದಳು ಅಕ್ಕ. "ಕೈಗೆ ಗೊತ್ತಾಗ್ಬೇಕಲ್ಲ?"

ಮೊಮ್ಮಗಳು ಸುಮಾರು ಹೊತ್ತು ಆ ಕೈಯನ್ನೇ ನೋಡಿದಳು. "ದೊಡ್ಡಜ್ಜೀ, ಪುನಃ ಒಮ್ಮೆ ಮಾಡಿ. ಮೆಲ್ಲ."

ಭಾನುವಾರ ಸಂಜೆಯವರೆಗೆ ಅಕ್ಕ, ಸೊಂಟ ಹೋಯಿತೆಂದು ಗೊಣಗುತ್ತ, ಇಂಚಿಂಚಾಗಿ ಕೈ ಸರಿಸುತ್ತ ಕೂತಳು. ಫಿಲ್ಮಿನಲ್ಲಿ ಈಗ ಮೋಡದೊಳಗಿಂದ ಬಳೆ ತೊಟ್ಟ ಮುದಿ ಕೈಯೊಂದು ಇಳಿದು ಬಂದು ಗುಡ್ಡವನ್ನು ತಿರುಗಿಸಿಡುತ್ತದೆ. ಕೈ ಹೋದ ಕೂಡಲೇ ಗುಡ್ಡ ತಾನಾಗಿ ಮಗುಚಿಕೊಳ್ಳುತ್ತದೆ. ಮೊಮ್ಮಗಳು ಪಾಸಾದಳು.

ಮುಂದಿನ ತಿಂಗಳು ಅಕ್ಕ ಮಂಗಳೂರಿಗೆ, ಮಗಳ ಮನೆಗೆ ಹೊರಟಳು. ಕಾರಿನಲ್ಲಿ ಕುಳಿತವಳಿಗೆ ಫೋನಿನಲ್ಲಿ ಫಿಲ್ಮ್ ತೋರಿಸಿದೆ. ಕೊನೆಯ ಫ್ರೇಮ್ ನಿಂತಿತು.

"ಇದೆಂತ, ಪುನಃ ಮಗುಚಿತಲ್ಲ," ಎಂದು ಬೆರಳಿನಿಂದ ತಿರುಗಿಸಲು ನೋಡಿದಳು. ಆಗಲಿಲ್ಲ. ಫೋನನ್ನೇ ತಲೆಕೆಳಗು ಮಾಡಿದಳು, ಚಪ್ಪಲಿ ನೆಟ್ಟಗಾಯಿತು. ಹಾಗೆಯೇ, ತಲೆಕೆಳಗಾಗಿಯೇ, ಅದನ್ನು ನನ್ನ ಕೈಗಿಟ್ಟಳು. ಕಾರು ಹೊರಟಿತು. ಆಮೇಲೆ ನಾನು ಅವಳನ್ನು ನೋಡಲಿಲ್ಲ.